ದಂಡು ಕೈ ತೊಳೆಯುವ ಬಾನಿ

ಒಂದೂರಿತ್ತು ಅಂತ ಇಟ್ಟುಕೊಳ್ಳಿ. ಯಾವ ಕಡೆಗೆ ಅಂತ ಮಾತ್ರ ಕೇಳಬೇಡಿ. ದಾರಿ ಗೊತ್ತಾದರೆ ಹೋಗಿ ನೋಡೋಣ ಅನಿಸುತ್ತದೆ. ಹೋದವರು ತಿರುಗಿ ಬರಬಹುದು, ಆದರೆ ಹೋಗುವಾಗ ಇದ್ದ ಹೆಸರು ಬರುವಾಗ ಇರುವುದಿಲ್ಲ.

ಆ ಊರಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹೆಸರಿಡುವ ಪದ್ಧತಿಯೇ ಇರಲಿಲ್ಲ. ಹೆಸರು ಇದ್ದದ್ದು ಗುಂಪಿಗೆ. ಕತ್ತಿ ಹಿಡಿದವರೆಲ್ಲ ಸೇರಿ ದಂಡು. ಕುರಿ ಮೇಕೆ ಕಾಯುವವರೆಲ್ಲ ಸೇರಿ ಮಂದೆ. ಕುರಿಗೂ ಅದೇ ಹೆಸರು, ಕಾಯುವವರಿಗೂ ಅದೇ ಹೆಸರು, ಬೇರೆ ಬೇರೆ ಮಾಡುವ ತಾಪತ್ರಯ ಯಾಕೆ ಅಂತ. ಡೋಲು ಬಡಿದು ಹಾಡುವವರು ಮೇಳ. ಚಾವಡಿಯಲ್ಲಿ ಕೂತು ನ್ಯಾಯ ಹೇಳುವ ಹಿರಿಯರು ಕೂಟ. ಹಾಲುಹಲ್ಲು ಬಿದ್ದು ಬೇರೆ ಹಲ್ಲು ಹುಟ್ಟುವವರೆಗೆ ಮಕ್ಕಳೆಲ್ಲ ಗೊಂಚಲು. ಆಮೇಲೆ ಗೊಂಚಲಿನಿಂದ ಬಿಡಿಸಿ ಯಾವುದಾದರೂ ಒಂದು ಹೆಸರಿಗೆ ಹಾಕುತ್ತಿದ್ದರು, ಕಾಳನ್ನು ರಾಶಿಗೆ ಎಸೆದ ಹಾಗೆ. ರಾಶಿಗೆ ಬಿದ್ದ ಕಾಳನ್ನು ಇದೇ ಅದು ಅಂತ ಆಮೇಲೆ ಯಾರು ಗುರುತು ಹಿಡಿಯುತ್ತಾರೆ?

ಮಂದೆಯಲ್ಲಿ ಯಾರೋ ಒಬ್ಬಳಿಗೆ ಜ್ವರ ಬಂದರೆ, ಮಂದೆಗೆ ಜ್ವರ ಅಂತ ಎಲ್ಲರೂ ಕಂಬಳಿ ಹೊದ್ದು ಮಲಗಬೇಕು, ಎಲ್ಲರೂ ಗಂಜಿ ಕುಡಿಯಬೇಕು. ಒಮ್ಮೆ ಮೇಳದವನೊಬ್ಬ ಯಾರದೋ ಹಿತ್ತಲಲ್ಲಿ ಹಲಸಿನ ಹಣ್ಣು ಕದ್ದು ತಿಂದ. ಮೇಳ ಕದಿಯಿತು ಅಂತ ಇಡೀ ಮೇಳದ ಬೆನ್ನಿಗೆ ಬಾರುಕೋಲಿನ ಏಟು ಬಿತ್ತು. ಏಟು ತಿನ್ನುತ್ತಲೇ ಪಕ್ಕದವನು ಕೇಳಿದನಂತೆ, ತೊಳೆ ಸಿಹಿಯಾಗಿತ್ತೇನೋ ಅಂತ. ನಗುವ ಹಾಗೇ ಇತ್ತು ಆಗೆಲ್ಲ.

ಪ್ರತಿ ಬೆಳಿಗ್ಗೆ ಚಾವಡಿಯ ಎದುರಿನ ಕಲ್ಲಿನ ಮೇಲೆ ಕೂಗಾಳು ಹತ್ತಿ ನಿಲ್ಲುತ್ತಿದ್ದ. ದಿನಕ್ಕೆ ಒಂದೊಂದು ಹೆಸರಿಗೆ ಒಂದೊಂದು ಮಾತು ಕೂಗಿ ಹೇಳುವುದು ಅವನ ಕೆಲಸ. ಮಂದೆ ಹಾಲು ಕರೆಯುತ್ತದೆ. ಕೂಟ ಜಗಳ ಬಿಡಿಸುತ್ತದೆ. ಮೇಳ ಮದುವೆಗೆ ಹಾಡುತ್ತದೆ. ಕೂಗಿದ ಮಾತು ಸಂಜೆಯೊಳಗೆ ನಡೆಯಲೇಬೇಕು, ಅದು ಊರಿನ ಕಟ್ಟು. ಮಾತಿನಲ್ಲಿ ಮೊದಲು ಬಂದ ಹೆಸರು ಮಾಡುತ್ತದೆ, ಆಮೇಲೆ ಬಂದದ್ದಕ್ಕೆ ಆಗುತ್ತದೆ. ಅದಕ್ಕೇ ಊರಿನವರೆಲ್ಲ ಕಲ್ಲಿನ ಸುತ್ತ ನಿಂತು, ತಮ್ಮ ಹೆಸರು ಮೊದಲು ಬರಲಿ, ಆಮೇಲೆ ಬಾರದಿರಲಿ ಅಂತ ಬಾಯಲ್ಲೇ ಬೇಡಿಕೊಳ್ಳುತ್ತಿದ್ದರು. ಯಾರು ಹಾಗೆ ಕೂಗು ಅಂತ ಹೇಳಿಕೊಡುತ್ತಿದ್ದರು ಅಂತ ಕೂಗಾಳನ್ನು ಯಾರೂ ಕೇಳಿದ್ದಿಲ್ಲ. ಬಾಯಿಗೆ ಬಂದದ್ದು ಕೂಗುತ್ತೇನೆ ಅಂತ ಅವನು ಹೇಳಿಬಿಟ್ಟರೆ ಏನು ಗತಿ ಅಂತ ಎಲ್ಲರಿಗೂ ಒಳಗೊಳಗೇ ಹೆದರಿಕೆ.

ಊರಬಾಗಿಲ ಪಕ್ಕದಲ್ಲಿ ಒಂದು ಕಲ್ಲುಬಾನಿ ಇತ್ತು. ಎಮ್ಮೆ ಕಾಲು ಚಾಚಿ ಮಲಗುವಷ್ಟು ದೊಡ್ಡದು. ದಂಡು ಕೆಲಸಕ್ಕೆ ಹೊರಡುವ ಮೊದಲು ಎಲ್ಲರೂ ಸುತ್ತ ನಿಂತು ಆ ಬಾನಿಯ ನೀರಿಗೆ ಒಟ್ಟಿಗೆ ಕೈ ಅದ್ದಬೇಕು. ಅದ್ದಿದ ಮೇಲೆ ಅಷ್ಟೂ ಕೈ ಒಂದೇ ಕೈ. ಕೈ ಅದ್ದದೆ ಕತ್ತಿ ಎತ್ತುವ ಹಾಗಿಲ್ಲ, ಅಷ್ಟು ಕಟ್ಟುನಿಟ್ಟು. ಕೆಲಸ ಮುಗಿಸಿ ಬಂದ ಮೇಲೂ ಹಾಗೆಯೇ ಒಟ್ಟಿಗೆ ಅದ್ದಿ ತೊಳೆಯಬೇಕು. ನೀರು ಕೆಂಪಗಾಗುತ್ತದೆ. ಯಾರ ಕೈಯದು ಎಷ್ಟು ಅಂತ ನೀರಿಗೇನು ಗೊತ್ತು? ಬಾನಿಯ ಬುಡದ ಬೆಣೆ ಕಿತ್ತರೆ ಎಲ್ಲ ಹರಿದು ಕಳ್ಳಿ ಬೇಲಿಗೆ ಹೋಗುತ್ತದೆ. ಅಲ್ಲಿಗೆ ಆದದ್ದು ಆಗಿಹೋಯಿತು.

ಆ ಬಾನಿಗೆ ಬಾವಿಯಿಂದ ನೀರು ಸೇದಿ ತುಂಬುವವಳು, ಬೆಣೆ ಕೀಳುವವಳು, ಒಳಗೆ ಇಳಿದು ತಿಕ್ಕುವವಳು ಬಾನಿಯವ್ವ. ಅವಳೂ ಕೂಗಾಳೂ ಇಬ್ಬರೇ ಯಾವ ಗುಂಪಿಗೂ ಸೇರದವರು. ಕುಡುಗೋಲಿಗೆ ಮರದ ಹಿಡಿ ಇರುತ್ತದಲ್ಲ, ಹಾಗೆ. ಇಲ್ಲದಿದ್ದರೆ ನಡೆಯುವುದಿಲ್ಲ, ಆದರೆ ಕೊಯ್ದದ್ದು ಹಿಡಿ ಅಂತ ಯಾರೂ ಹೇಳುವುದಿಲ್ಲ. ಬಾನಿಯವ್ವನಿಗೆ ಒಬ್ಬಳೇ ಮಗಳು. ಬೇರೆ ಹಲ್ಲು ಹುಟ್ಟಿದ ವರ್ಷ ಆ ಹುಡುಗಿಯನ್ನು ಗೊಂಚಲಿನಿಂದ ಬಿಡಿಸಿ ಮಂದೆಗೆ ಹಾಕಿದ್ದರು. ದಿನಾ ಬೆಳಿಗ್ಗೆ ಅವ್ವನಿಗೆ ಒಂದು ಕುಡಿಕೆ ಹಾಲು ತಂದು ಬಾನಿಯ ಅಂಚಿನ ಮೇಲೆ ಇಟ್ಟು, ಕಾಲು ಆಡಿಸುತ್ತಾ ಕೂರುತ್ತಿದ್ದಳು. ಬೆಳೆದು ದೊಡ್ಡವಳಾದರೂ ಬಾಯಿ ಸುಮ್ಮನಿರುತ್ತಿರಲಿಲ್ಲ. ಕದ್ದುಮುಚ್ಚಿ ಮೇಕೆಗಳಿಗೆಲ್ಲ ಬೇರೆ ಬೇರೆ ಹೆಸರಿಟ್ಟಿದ್ದಳು. ಅಳುಬುರುಕಿ ಒಂದು, ಸೊಟ್ಟಗೊಂಬು ಒಂದು, ಗೌಡತಿ ಅಂತ ಒಂದು, ಯಾಕೆಂದರೆ ಅದು ತಲೆ ಎತ್ತಿಕೊಂಡೇ ನಡೆಯುತ್ತಿತ್ತು. ಅವ್ವ ಗದರಿಸುತ್ತಿದ್ದಳು, ಹಂಗೆಲ್ಲ ಬಿಡಿಬಿಡಿಯಾಗಿ ಕರೀಬಾರದು, ಕರೆದರೆ ಅದರ ಮೇಲೆ ಜೀವ ಹೋಗುತ್ತದೆ, ಸಂತೆಗೆ ಹೊಡೆಯುವ ದಿನ ಅಳುತ್ತೀಯೆ ಅಂತ. ಅಳ್ತೀನಿ ಬಿಡು, ಕಣ್ಣಿರೋದು ಇನ್ಯಾತಕ್ಕೆ ಅನ್ನುತ್ತಿದ್ದಳು ಮಗಳು.

ಹೊರಗಿನ ಶತ್ರುಗಳು ಇದ್ದಾಗ ದಂಡಿಗೆ ಕೆಲಸವಿತ್ತು. ಶತ್ರುಗಳು ಮುಗಿದುಹೋದರು. ದಂಡು ದಿನವಿಡೀ ಚಾವಡಿಯ ನೆರಳಲ್ಲಿ ಕೂತು ಕತ್ತಿ ಮಸೆಯುತ್ತಿತ್ತು. ಮಸೆದು ಮಸೆದು ಅರ್ಧ ಕತ್ತಿ ಸವೆದ ಮೇಲೆ ಕೂಗಾಳು ಒಂದು ಬೆಳಿಗ್ಗೆ ಕೂಗಿದ, ದಂಡು ಕಾಗೆಯ ಹಿಂಡನ್ನು ಕೊಲ್ಲುತ್ತದೆ ಅಂತ. ಸಂಜೆಯ ಹೊತ್ತಿಗೆ ಆಲದ ಮರದ ಕೆಳಗೆ ಕಾಲಿಡಲು ಜಾಗವಿರಲಿಲ್ಲ, ಅಷ್ಟು ರೆಕ್ಕೆ ಬಿದ್ದಿತ್ತು. ಊರಿಗೆ ಅದೇನೂ ದೊಡ್ಡದಾಗಿ ಕಾಣಲಿಲ್ಲ. ಸ್ವಲ್ಪ ದಿನ ಕಳೆದ ಮೇಲೆ ನಾಯಿಗಳ ಸರದಿ. ನಾಯಿಗಳು ದಂಡಿನವರನ್ನು ಕಂಡು ಬಾಲ ಆಡಿಸುತ್ತಾ ತಾವೇ ಎದುರು ಬಂದವು. ಬಾಲ ಆಡುತ್ತಿದ್ದಾಗಲೇ ತಲೆ ಹಾರಿತು. ಆ ಸಂಜೆ ಬಾನಿಯ ನೀರಿನ ಮೇಲೆ ಕೂದಲು ತೇಲುತ್ತಿತ್ತು.

ಆಮೇಲೊಂದು ಬೆಳಿಗ್ಗೆ ಕೂಗಾಳು ಕೂಗಿದ, ದಂಡು ಮೇಳವನ್ನು ಕಡಿಯುತ್ತದೆ.

ಮೇಳದವರು ಅಲ್ಲೇ ನಿಂತಿದ್ದರು, ಡೋಲು ಹೆಗಲಿಗೆ ಹಾಕಿಕೊಂಡು, ಇವತ್ತು ಯಾರ ಮನೆ ಮದುವೆಯೋ ಅಂತ ಕಾದುಕೊಂಡು. ತಮ್ಮ ಹೆಸರು ಆಮೇಲೆ ಬಂತು ಅನ್ನುವುದು ತಲೆಗೆ ಹೋಗುವಷ್ಟರಲ್ಲಿ ದಂಡು ಕೈ ಅದ್ದಿಕೊಂಡು ಬಂದಾಗಿತ್ತು. ಚಾವಡಿಯ ಮೆಟ್ಟಿಲ ಮೇಲೇ ಕಡಿದರು. ಹಾಡುವ ಕುತ್ತಿಗೆ ಕೊಯ್ದಾಗ ಅದರೊಳಗಿನ ಗಾಳಿ ಸೀಟಿ ಹೊಡೆದ ಹಾಗೆ ಹೊರಗೆ ಬಂತು. ಒಬ್ಬ ಡೋಲಿನ ಹಿಂದೆ ಬಚ್ಚಿಟ್ಟುಕೊಂಡ, ಡೋಲಿನ ಸಮೇತ ತಿವಿದರು. ರಕ್ತ ತುಂಬಿದ ಡೋಲಿನ ಮೇಲೆ ಯಾರದೋ ಕೈ ಬಿದ್ದು ಥಪ್ ಅಂತ ಸದ್ದಾಯಿತು, ಊರಿನಲ್ಲಿ ಡೋಲಿನ ಸದ್ದು ಅದೇ ಕೊನೆ. ಮಧ್ಯಾಹ್ನಕ್ಕೆ ಕೆಲಸ ಮುಗಿಯಿತು. ದಂಡು ಬಂದು ಬಾನಿಗೆ ಕೈ ಅದ್ದಿತು. ನೀರು ಮಂದವಾಗಿ ಹುಣಸೆ ರಸದ ಹಾಗೆ ಆಯಿತು. ಕೈ ಒರೆಸಿಕೊಂಡು ಎಲ್ಲರೂ ಮನೆಗೆ ಹೋದರು, ಉಂಡರು, ಗೊಂಚಲಿನ ಮಕ್ಕಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಉಪ್ಪುಮೂಟೆ ಆಡಿಸಿದರು.

ಮೇಳವನ್ನು ಕಡಿದದ್ದು ಯಾರು ಅಂದರೆ ದಂಡು ಅನ್ನುತ್ತಿದ್ದರು. ನೀನೂ ಇದ್ದೆಯಲ್ಲಪ್ಪ ಅಂದರೆ, ನಾನೆಲ್ಲಿ, ದಂಡು ಕಡೀತು ಅನ್ನುತ್ತಿದ್ದರು. ಸುಳ್ಳು ಹೇಳುವವನ ಮುಖ ಸ್ವಲ್ಪವಾದರೂ ಬೇರೆ ಕಡೆ ತಿರುಗುತ್ತದೆ. ಇವರು ಕಣ್ಣಲ್ಲಿ ಕಣ್ಣಿಟ್ಟು ಹೇಳುತ್ತಿದ್ದರು. ಅವರಿಗೆ ಅದು ನಿಜವೇ ಆಗಿತ್ತು.

ಬಾನಿಯವ್ವ ಬೆಣೆ ಕಿತ್ತು ಒಳಗೆ ಇಳಿದಾಗ ಬುಡದಲ್ಲಿ ಒಂದು ಹಲ್ಲು ಸಿಕ್ಕಿತು. ಬಿಳಿಯದು, ಎಳೆಯದು, ಯಾರೋ ಹೊಸದಾಗಿ ಮೇಳಕ್ಕೆ ಸೇರಿದವರದ್ದು. ಅದನ್ನು ಕಳ್ಳಿಯ ಬುಡದಲ್ಲಿ ಹೂಳಿದಳು. ಮಗಳಿಗೆ ಹೇಳಲಿಲ್ಲ. ಮಗಳು ಮಾತ್ರ ಆವತ್ತಿನಿಂದ ಹಾಲು ತಂದಾಗ ಬಾನಿಯ ಅಂಚಿನ ಮೇಲೆ ಕೂರುವುದನ್ನು ಬಿಟ್ಟಳು, ಕೆಳಗೆ ನೆಲದ ಮೇಲೆ ಕೂರುತ್ತಿದ್ದಳು.

ಅದಾಗಿ ಮಳೆಗಾಲ ಒಂದು ಹೋಗಿ, ಬಿಸಿಲು ಬಂದು, ಕತ್ತಿಗಳು ಮತ್ತೆ ಮಸೆಯುವ ಕಲ್ಲಿಗೆ ಬಿದ್ದವು. ಒಂದು ಬೆಳಿಗ್ಗೆ ಕೂಗಾಳು ಕಲ್ಲು ಹತ್ತಿದ, ಗಂಟಲು ಸರಿಮಾಡಿಕೊಂಡ.

ಸಂಜೆಯೊಳಗೆ ದಂಡು ಮಂದೆಯನ್ನು ಕಡಿಯುತ್ತದೆ ಅಂತ ಕೂಗಿದ.

ಬಾನಿಯವ್ವನ ಕೈಯಲ್ಲಿದ್ದ ಹಗ್ಗ ಜಾರಿ ಕೊಡ ಬಾವಿಗೆ ಬಿತ್ತು. ಅದನ್ನು ಎತ್ತಲೂ ನಿಲ್ಲದೆ ಸೀರೆ ಎತ್ತಿ ಕಟ್ಟಿ ಮಂದೆಯ ದೊಡ್ಡಿಯ ಕಡೆ ಓಡಿದಳು.

ದೊಡ್ಡಿಗೆ ನಾಲ್ಕೂ ಕಡೆ ಕಲ್ಲು ಪೇರಿಸಿದ ಮೊಳಕಾಲೆತ್ತರದ ಗೋಡೆ. ದಾಟುವುದು ಸಣ್ಣ ಮಕ್ಕಳಿಗೂ ಕಷ್ಟವಲ್ಲ. ಗೋಡೆಯ ಆಚೆ ಗುಡ್ಡ, ಗುಡ್ಡದ ಆಚೆ ಕಾಡು. ಚೆದುರಿ ಓಡಿದ್ದರೆ ಅರ್ಧಕ್ಕರ್ಧ ಬದುಕಬಹುದಿತ್ತು. ಒಬ್ಬರೂ ಓಡಿರಲಿಲ್ಲ. ತೋಳದ ವಾಸನೆ ಬಂದಾಗ ಕುರಿಗಳು ಹೇಗೆ ತಲೆಯನ್ನು ನಡುವೆ ತೂರಿಸಿ ಒತ್ತಿಕೊಂಡು ನಿಲ್ಲುತ್ತವೋ ಹಾಗೆ, ಮಂದೆಯ ಜನವೆಲ್ಲ ಒಬ್ಬರ ಕಂಬಳಿಯ ಅಂಚು ಇನ್ನೊಬ್ಬರು ಹಿಡಿದು, ತಲೆ ತಗ್ಗಿಸಿ, ದೊಡ್ಡಿಯ ನಡುವೆ ಒಂದೇ ರಾಶಿಯಾಗಿ ಕೂತಿದ್ದರು. ಚೆದುರಿದರೆ ಮಂದೆ ಇರುವುದಿಲ್ಲವಲ್ಲ. ಮಂದೆ ಅನ್ನಿಸಿಕೊಂಡು ಸಾಯುವುದು ಅವರಿಗೆ ಗೊತ್ತಿತ್ತು, ಏನೂ ಅನ್ನಿಸಿಕೊಳ್ಳದೆ ಬದುಕುವುದು ಗೊತ್ತಿರಲಿಲ್ಲ.

ಬಾನಿಯವ್ವ ರಾಶಿಯೊಳಗೆ ನುಗ್ಗಿ ಮಗಳ ರಟ್ಟೆ ಹಿಡಿದು ಎಳೆದಳು.

"ಏಳೇ ಮೇಲೆ. ಗೋಡೆ ಹಾರಿ ಗುಡ್ಡಕ್ಕೆ ಓಡು. ತಿರುಗಿ ನೋಡ್ಬೇಡ."

"ಮಂದೆ ಅನ್ನೋ ಹೆಸರು ಬಿಟ್ಟು ಹೋಗೋಕೆ ನಂಗೇನೂ ಕಷ್ಟ ಇಲ್ಲ ಕಣವ್ವ," ಅಂದಳು ಮಗಳು, ಮೆಲ್ಲಗೆ. "ಆದ್ರೆ ಇಲ್ಲಿ ನನ್ನ ಮೊಣಕಾಲಿಗೆ ಒರಗಿ ಕೂತವ್ಳಲ್ಲ ಅಜ್ಜಿ, ಅವಳಿಗೆ ಕಣ್ಣು ಕಾಣಲ್ಲ. ಈ ಕಡೆ ತಾತ ಕೆಮ್ಮೋಕೆ ಶುರು ಮಾಡಿದ್ರೆ ನಾನು ಬೆನ್ನು ನೀವಬೇಕು, ಇಲ್ದಿದ್ರೆ ಉಸಿರು ಹಿಡ್ಕೊಳ್ತದೆ. ಇವರನ್ನ ಬಿಟ್ಟು ಹೆಂಗೆ ಹೋಗ್ಲಿ ಹೇಳು."

ಮೇಕೆಗೆ ಹೆಸರಿಡಬೇಡ ಅಂತ ಬಡಕೊಂಡೆನಲ್ಲ ಅಂದಳು ಅವ್ವ, ಈಗ ನೋಡು ಆ ಚಾಳಿ ಮನುಷ್ಯರಿಗೂ ಬಂತು ಅಂದಳು. ಮಗಳು ನಕ್ಕಳು. ನಗುವ ಹೊತ್ತೇ ಅದು? ಅವ್ವನಿಗೆ ಎಲ್ಲಿತ್ತೋ ಸಿಟ್ಟು, ಕೆನ್ನೆಗೆ ಒಂದು ಬಿಗಿದಳು. ಆಮೇಲೆ ಅದೇ ಕೆನ್ನೆ ಸವರಿದಳು. ಎಳೆದರೆ ಬರುವವಳಲ್ಲ ಇವಳು ಅಂತ ಹೆತ್ತವಳಿಗೆ ಗೊತ್ತು. ಅಲ್ಲಿ ಇನ್ನು ನಿಂತು ಪ್ರಯೋಜನವಿಲ್ಲ ಅಂತ ತಿರುಗಿ ಬಾನಿಯ ಕಡೆಗೆ ಓಡಿದಳು.

ಬಾವಿಕಟ್ಟೆಯ ಹತ್ತಿರ ಗುಂಡಿ ತೋಡುವ ಹಾರೆ ಒರಗಿಸಿತ್ತು. ಎರಡೂ ಕೈಯಲ್ಲಿ ಎತ್ತಿ ಬಾನಿಯ ಹೊಟ್ಟೆಗೆ ಬೀಸಿದಳು. ಕಲ್ಲು ಕಿಡಿ ಕಾರಿತು, ಅಷ್ಟೆ. ಮತ್ತೆ ಬೀಸಿದಳು. ಅಂಗೈ ಸುಲಿದು ಹಾರೆ ಜಾರತೊಡಗಿತು, ಸೆರಗು ಸುತ್ತಿ ಹಿಡಿದು ಮತ್ತೆ ಬೀಸಿದಳು. ಬಾನಿಗೆ ಮೊದಲು ಒಂದು ಗೆರೆ ಬಿತ್ತು, ಆಮೇಲೆ ಆ ಗೆರೆಯಲ್ಲಿ ನೀರು ಜಿನುಗಿತು, ಆಮೇಲೆ ಬಾನಿ ಎರಡು ಹೋಳಾಗಿ ಬಿತ್ತು. ನೀರೆಲ್ಲ ಊರಬಾಗಿಲಿನ ಮಣ್ಣಿಗೆ ಹರಿದು ಕೆಸರಾಯಿತು.

ದಂಡು ಬಂದಾಗ ಅವಳು ಬಾವಿಯಿಂದ ಸೇದಿದ ಒಂದು ಹೊಸ ಕೊಡದ ಪಕ್ಕದಲ್ಲಿ ಚೊಂಬು ಹಿಡಿದು ಕೂತಿದ್ದಳು. ದಂಡಿನ ಮುಂದಾಳು ಎತ್ತರದ ಆಳು, ಮೂಗಿನ ಮೇಲೆ ಹಳೇ ಗಾಯ. ಇದೇನು ಮಾಡಿದೆ ಅಂತ ಅರಚಿದ. ಬಾನಿ ಹಳೇದಾಗಿತ್ತು, ಒಡೀತು ಅಂದಳು. ಹೊಸದು ಕೆತ್ತಿಸೋವರೆಗೆ ಚೊಂಬಿನಲ್ಲೇ ಹೊಯ್ತೀನಿ, ಒಬ್ಬೊಬ್ಬರಾಗಿ ಬನ್ನಿ ಅಂದಳು. ಮುಂದಾಳು ಸುತ್ತ ನೋಡಿದ. ಕೈ ತೊಳೆಯದೆ ಕತ್ತಿ ಎತ್ತುವ ಹಾಗಿಲ್ಲ. ಸಂಜೆಯೊಳಗೆ ಕೆಲಸ ಆಗಬೇಕು. ಸರಿ, ಬೇಗ ಹೊಯ್ಯಿ ಅಂದ. ದಂಡು ಗೊಣಗುತ್ತಾ ಸಾಲು ನಿಂತಿತು. ಸಾಲು ನಿಂತು ಅಭ್ಯಾಸವಿಲ್ಲ ಅವರಿಗೆ, ಒಬ್ಬರ ಬೆನ್ನು ಒಬ್ಬರು ನೋಡಿಕೊಂಡು ನಿಲ್ಲುವುದು ಒಂಥರಾ ಮುಜುಗರ.

ಮೊದಲು ಬಂದವನು ನರೆತ ಗಡ್ಡದವನು. ಎರಡೂ ಕೈ ಚಾಚಿದ. ಬಾನಿಯವ್ವ ಚೊಂಬು ಎತ್ತಿದಳು, ಬಗ್ಗಿಸಲಿಲ್ಲ.

"ಯಾರನ್ನ ಕಡೀತೀಯಪ್ಪ?"

ಮಂದೆಯನ್ನ ಅಂದ ಅವನು, ಕೂಗಾಳು ಕೂಗಿದ್ದು ಕೇಳಲಿಲ್ಲವಾ ಅಂದ.

"ಮಂದೆಗೆ ಕುತ್ತಿಗೆ ಎಲ್ಲೈತೆ? ನಿನ್ನ ಕತ್ತಿ ಮೊದಲು ಯಾರ ಕುತ್ತಿಗೆಗೆ ಬೀಳ್ತದೆ, ಅದನ್ನ ಹೇಳು. ಹೇಳಿದ ತಕ್ಷಣ ಹೊಯ್ತೀನಿ."

ಗಡ್ಡದವನು ಕೈ ಚಾಚಿಕೊಂಡೇ ಇದ್ದ, ಭಿಕ್ಷೆಗೆ ನಿಂತವನ ಹಾಗೆ. ಹಿಂದಿನವರು, ಏನಾಯ್ತೋ, ಬೇಗ ಹೇಳಿ ಮುಗಿಸೋ ಅಂತ ತಿವಿದರು. ಅವನು ಕಣ್ಣು ಮುಚ್ಚಿ ಯಾರೋ ಒಬ್ಬರನ್ನು ನೆನಪಿಗೆ ತಂದುಕೊಳ್ಳಲು ನೋಡಿದ. ಬಂದದ್ದು ಕೆಮ್ಮುವ ತಾತ. ಇವನ ಮನೆಯಲ್ಲಿ ಕೂಸಿಗೆ ಹೊಟ್ಟೆ ಕೆಟ್ಟಾಗ ಆ ತಾತ ಮೇಕೆಯನ್ನೇ ಮನೆಬಾಗಿಲಿಗೆ ಹೊಡೆದುಕೊಂಡು ಬಂದು ಹಾಲು ಕರೆದು ಕೊಟ್ಟಿದ್ದ. ಗಡ್ಡದವನು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡ. ನೀರು ಬೀಳದ ಕೈಯನ್ನೇ ಪಂಚೆಗೆ ಒರೆಸಿಕೊಂಡು ಪಕ್ಕಕ್ಕೆ ಹೋಗಿ ಕೆಸರಿನಲ್ಲಿ ಕೂತುಬಿಟ್ಟ.

ಎರಡನೆಯವನು ಪ್ರಾಯದವನು, ಎಲ್ಲರನ್ನೂ ಅಂದ ಜಂಬದಿಂದ. ಎಲ್ಲರೂ ಅಂತ ಯಾರೂ ಇಲ್ಲ ಮಗಾ, ಒಬ್ಬರನ್ನ ಹೇಳು ಅಂದಳು ಬಾನಿಯವ್ವ. ಅವನಿಗೆ ನೆನಪಾದದ್ದು ತನ್ನ ಜೊತೆಯಲ್ಲೇ ಗೊಂಚಲಿನಲ್ಲಿ ಬೆಳೆದ ಅಕ್ಕ. ಅವಳನ್ನು ಮಂದೆಗೆ ಹಾಕಿದ ಮೇಲೆ ಅಕ್ಕ ಅಂತ ಕರೆದದ್ದೇ ಇಲ್ಲ. ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅವನೂ ಸಾಲು ಬಿಟ್ಟ. ಇನ್ನೊಬ್ಬ ವಾದಕ್ಕೆ ಇಳಿದ, ಹೀಗೆ ಕೇಳುವುದು ಪದ್ಧತಿಯಲ್ಲಿಲ್ಲ ಅಂತ. ಪದ್ಧತಿಯಲ್ಲಿ ಬಾನಿ ಇತ್ತು, ಚೊಂಬು ಇರಲಿಲ್ಲ, ಚೊಂಬಿಗೆ ಪದ್ಧತಿ ನಾನೇ ಇಡ್ತೀನಿ ಅಂದಳು ಅವಳು. ಸಾಲಿನ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಸಾಲು ಸಡಿಲವಾಯಿತು. ಕೆಲವರ ಕಣ್ಣು ನೆಲಕ್ಕೆ ಇಳಿಯಿತು, ಕೆಲವರದು ದೊಡ್ಡಿಯ ಕಡೆ ಹೋಯಿತು.

ಆಗ ಮುಂದಾಳು ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದ. ಕೈ ಚಾಚಿದ. ಆ ಕೈ ಹಿಂದಕ್ಕೆ ಹೋಗಲಿಲ್ಲ.

"ನಿನ್ನ ಮಗಳನ್ನ," ಅಂದ.

ಹಿಂದೊಂದು ದಿನ ಅವನು ದೊಡ್ಡಿಗೆ ಗತ್ತಿನಿಂದ ಕುರಿ ಆರಿಸಲು ಹೋಗಿದ್ದಾಗ ಟಗರೊಂದು ಹಿಂದಿನಿಂದ ಗುದ್ದಿ ಹಿಕ್ಕೆಯ ರಾಶಿಗೆ ಬೀಳಿಸಿತ್ತು. ಬಾನಿಯವ್ವನ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ದಂಡು ಬಿತ್ತು ಅಂತ ಅವಳು ಹೇಳಿದ್ದರೆ ಪರವಾಗಿರಲಿಲ್ಲವೇನೋ, ನೀನು ಬಿದ್ದೆ ಅಂದಿದ್ದಳು. ಅದು ಅವನ ಎದೆಯಲ್ಲಿ ಮುಳ್ಳಾಗಿ ನಿಂತಿತ್ತು.

ಬಾನಿಯವ್ವನ ಕೈಯಲ್ಲಿ ಚೊಂಬು ಭಾರವಾಯಿತು. ಹೊಯ್ಯದಿದ್ದರೆ? ಹೊಯ್ಯದಿದ್ದರೆ ಅವಳು ಕೇಳಿದ್ದೆಲ್ಲ ಬರೀ ಆಟ ಅಂತ ಆಗುತ್ತಿತ್ತು. ಉಳಿದವರೆಲ್ಲ ಮುದುಕಿಯ ಹೂಟ ಇದು ಅಂದುಕೊಂಡು ಕೆಸರಿನಲ್ಲೇ ಒಟ್ಟಿಗೆ ಕೈ ಅದ್ದಿ ಹೊರಡುತ್ತಿದ್ದರು. ಹೇಳಿದ ತಕ್ಷಣ ಹೊಯ್ತೀನಿ ಅಂತ ಅವಳ ಬಾಯಲ್ಲೇ ಬಂದಿತ್ತು. ಅವನು ಹೇಳಿದ್ದ. ದಂಡಿನಲ್ಲಿ ತಾನು ಮಾಡುವುದನ್ನು ತಾನೇ ಹೇಳಿದವನು ಅವನೊಬ್ಬನೇ.

ಅವಳು ಚೊಂಬು ಬಗ್ಗಿಸಿದಳು. ತನ್ನ ಮಗಳನ್ನು ಕಡಿಯುವ ಕೈಗೆ ತಾನೇ ನೀರು ಹೊಯ್ದಳು. ಸುಲಿದ ಅಂಗೈಯ ರಕ್ತ ಚೊಂಬಿನ ಕಂಠದಿಂದ ಇಳಿದು ನೀರಿನ ಜೊತೆ ಅವನ ಬೆರಳಿಗೆ ಬಿತ್ತು.

ಮುಂದಾಳು ಕತ್ತಿ ಎಳೆದು ದೊಡ್ಡಿಯ ಕಡೆ ನಡೆದ. ಸ್ವಲ್ಪ ದೂರ ಹೋಗಿ, ದಂಡು ಬರಲಿ ಅಂತ ಕೂಗಿದ. ಹಿಂದೆ ಹೆಜ್ಜೆಯ ಸದ್ದು ಬರಲಿಲ್ಲ. ತಿರುಗಿ ನೋಡಿದ. ಎಲ್ಲರೂ ನೀರು ಬೀಳದ ಕೈ ಇಳಿಬಿಟ್ಟುಕೊಂಡು ನಿಂತಿದ್ದರು. ಅಷ್ಟು ಜನರ ಎದುರು ಹೇಳಿಬಿಟ್ಟಿದ್ದ, ಈಗ ನಿಂತರೆ ಮತ್ತೆ ಹಿಕ್ಕೆಯ ರಾಶಿಗೆ ಬಿದ್ದ ಹಾಗೆ. ಹಾಗೇ ನಡೆದ. ಬಾನಿಯವ್ವ ಚೊಂಬು ಹಿಡಿದುಕೊಂಡೇ ಅವನ ಹಿಂದೆ ಓಡಿದಳು. ವಯಸ್ಸಾದ ಕಾಲು, ಅವನ ದಾಪುಗಾಲಿಗೆ ಎಲ್ಲಿ ಸಮ?

ದೊಡ್ಡಿಯಲ್ಲಿ ಮಂದೆ ತಲೆ ತಗ್ಗಿಸಿಕೊಂಡೇ ಇತ್ತು. ಅವನು ಗೋಡೆ ದಾಟಿ ರಾಶಿಯನ್ನು ತುಳಿದುಕೊಂಡು ಒಳಗೆ ಬಂದ. ಕೆಮ್ಮುವ ತಾತ ದಾರಿಗೆ ಅಡ್ಡವಾಗಿ ಕೂತಿದ್ದ. ಕತ್ತಿ ಒಮ್ಮೆ ಬೀಸಿದ, ಬೇಲಿಗೆ ಅಡ್ಡ ಬಂದ ಟೊಂಗೆ ಕಡಿದ ಹಾಗೆ. ತಾತನ ಹೆಗಲು ಸೀಳಿ ಬಿಳಿ ಮೂಳೆ ಕಂಡಿತು, ಆಮೇಲೆ ಅದರ ಮೇಲೆ ಕೆಂಪು ಮುಚ್ಚಿಕೊಂಡಿತು. ತಾತ ಕೆಮ್ಮಿದ, ಕೆಮ್ಮಿನ ಜೊತೆ ಜೀವ ಹೋಯಿತು. ಮುಂದಾಳು ಹುಡುಗಿಯ ಜಡೆಯನ್ನು ಕೈಗೆ ಸುತ್ತಿ ತಲೆ ಹಿಂದಕ್ಕೆ ಎಳೆದ.

ಮಂದೆಯ ಜನ ಕಣ್ಣು ಮುಚ್ಚಿ ಮುಂದಿನ ಏಟಿಗೆ ಕಾದರು. ದಂಡು ಅಂದರೆ ನಾಲ್ಕೂ ಕಡೆಯಿಂದ ಒಟ್ಟಿಗೆ ಬೀಳುವ ಏಟು. ಬೀಳಲಿಲ್ಲ. ಕಣ್ಣು ಕಾಣದ ಅಜ್ಜಿ ತಲೆ ಎತ್ತಿದಳು, ಕಿವಿ ಒಂದು ಕಡೆ ವಾಲಿಸಿದಳು.

"ಒಬ್ಬನದೇ ಹೆಜ್ಜೆ ಕೇಳ್ತದಲ್ರೋ," ಅಂದಳು.

ತಲೆಗಳು ಎದ್ದವು. ಎಲ್ಲಿ ನೋಡಿದರೂ ದಂಡಿಲ್ಲ. ಇದ್ದದ್ದು ಒಬ್ಬ ಮನುಷ್ಯ, ಒಂದು ಕತ್ತಿ, ಆ ಕತ್ತಿಗೂ ಒಂದೇ ಅಲಗು. ಆಮೇಲೆ ಇಡೀ ಮಂದೆ ಎದ್ದಿತು. ಕುರಿ ಹೊಡೆಯುವ ಕೋಲುಗಳು ಎದ್ದವು, ದೊಡ್ಡಿಯ ಗೋಡೆಯ ಕಲ್ಲುಗಳು ಕೈಗೆ ಬಂದವು. ಮೊದಲ ಕೋಲು ಅವನ ಮಣಿಕಟ್ಟಿಗೆ ಬಿತ್ತು, ಕತ್ತಿ ಹಾರಿತು. ಜಡೆ ಬಿಡಿಸಿಕೊಂಡ ಹುಡುಗಿ ತಿರುಗಿ, ತಾತ ಬಿದ್ದದ್ದನ್ನು ನೋಡಿ, ಬಗ್ಗಿ ಕಲ್ಲೊಂದನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು.

ಅವನು ಮೊದಲು ದಂಡು ದಂಡು ಅಂತ ಕೂಗಿದ. ಮೊಣಕಾಲು ಮುರಿದ ಮೇಲೆ, ನಾನು ಕಣ್ರೋ, ನಾನು, ಅಂತ ಕೂಗಿದ. ಯಾರು ಆ ನಾನು ಅಂತ ಯಾರೂ ಕೇಳಲಿಲ್ಲ. ಬಾನಿಯವ್ವ ಗೋಡೆ ಹಿಡಿದು ಏದುಸಿರು ಬಿಡುತ್ತಾ ಸಾಕು ಕಣ್ರೇ, ಸಾಕು ಅಂತ ಕೂಗಿದಳು. ಏಟಿನ ಸದ್ದು ಬಟ್ಟೆ ಒಗೆಯುವ ಕಲ್ಲಿನ ಸದ್ದಿನ ಹಾಗೆ ಒಂದೇ ಸಮ ಬರುತ್ತಿತ್ತು. ಅವನು ಅಲುಗುವುದು ನಿಂತ ಮೇಲೂ ಬರುತ್ತಿತ್ತು. ಮುಖ ಇದ್ದ ಕಡೆ ಮುಖ ಇಲ್ಲದಾದ ಮೇಲೂ ಬರುತ್ತಿತ್ತು. ಜನರ ಸಂದಿಯಲ್ಲಿ ಅವ್ವನಿಗೆ ಮಗಳ ಮುಖ ಕಂಡಿತು. ಬೆವರಿನಲ್ಲಿ ಹೊಳೆಯುತ್ತಿತ್ತು. ಮೇಳವನ್ನು ಕಡಿದು ಬಂದ ದಿನ ಬಾನಿಯ ಸುತ್ತ ನಿಂತಿದ್ದ ಮುಖಗಳೂ ಹೀಗೇ ಹೊಳೆಯುತ್ತಿದ್ದವು.

ಮಂದೆ ದೊಡ್ಡಿಯಿಂದ ಹೊರಗೆ ಬಂತು. ಮಂದೆ ಕೊಂದಿತು, ಮಂದೆ ಕೊಂದಿತು ಅಂತ ಕೂಗಿಕೊಂಡು ಬಂತು. ತಮ್ಮ ಹೆಸರು ಅಂಥ ಮಾತಿನಲ್ಲಿ ಮೊದಲು ಬಂದದ್ದು ಅದೇ ಮೊದಲು, ಬಾಯಿಗೆ ಬೆಲ್ಲ ಹಾಕಿಕೊಂಡ ಹಾಗಿತ್ತು ಅವರಿಗೆ. ಚಾವಡಿಯ ಹಿಂದೆ ಅವಿತಿದ್ದ ಕೂಗಾಳು ಸದ್ದು ಕೇಳಿ ಹೊರಗೆ ಬಂದ. ಗಾಳಿ ಯಾವ ಕಡೆ ಅಂತ ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಕಲ್ಲು ಹತ್ತಿ, ನಾಳೆ ಬೆಳಿಗ್ಗೆಯವರೆಗೂ ಕಾಯದೆ, ಮಂದೆ ದಂಡನ್ನು ಕಡಿಯುತ್ತದೆ ಅಂತ ಕೂಗಿಯೇಬಿಟ್ಟ.

ಒಡೆದ ಬಾನಿಯ ಹತ್ತಿರ ದಂಡಿನವರು ಇನ್ನೂ ನಿಂತಿದ್ದರು. ಗಡ್ಡದವನು ಕೆಸರಿನಿಂದ ಎದ್ದು, ಯಾರಿಗೂ ಏನೂ ಹೇಳದೆ, ಮುಂದಾಳಿನ ಹೆಣವನ್ನು ತರಲು ಒಬ್ಬನೇ ದೊಡ್ಡಿಯ ಕಡೆ ನಡೆದ. ಮಂದೆಯ ಜನ ಅವನಿಗೆ ದಾರಿ ಬಿಟ್ಟರು, ಕಣ್ಣು ಮಾತ್ರ ಅವನ ಕುತ್ತಿಗೆಯ ಮೇಲೇ ಇತ್ತು. ಕೈ ತೊಳೆದುಕೊಂಡು ಬಂದರೆ ಆ ಕುತ್ತಿಗೆಯೂ ಸಿಕ್ಕುತ್ತದೆ.

ಬಾನಿಯವ್ವ ಅವರಿಗಿಂತ ಮೊದಲೇ ಬಂದು ಕೊಡದ ಪಕ್ಕ ಕೂತಿದ್ದಳು. ಮಂದೆ ಬಂದು ಒಡೆದ ಬಾನಿಯ ಸುತ್ತ ನಿಂತಿತು, ದಂಡು ನಿಲ್ಲುತ್ತಿದ್ದ ಹಾಗೆಯೇ, ಕೈ ಅದ್ದಲು ಬಗ್ಗಿತು ಕೂಡ. ಅದ್ದಲು ಏನೂ ಇರಲಿಲ್ಲ. ಎಲ್ಲರಿಗಿಂತ ಮುಂದೆ ಮಗಳು. ಮೊಣಕೈಯವರೆಗೆ ಕೆಂಪು, ಅಂಚಿನಲ್ಲಿ ಆಗಲೇ ಕಪ್ಪಗಾಗುತ್ತಿತ್ತು.

"ಹುಯ್ಯವ್ವಾ," ಅಂತ ಕೈ ಚಾಚಿದಳು.

"ಯಾರು ಕೊಂದದ್ದು?"

"ಮಂದೆ."

ಚೊಂಬು ಬಗ್ಗಲಿಲ್ಲ.

ಮಗಳು ಮೊದಲು ನಕ್ಕಳು, ನನ್ನ ಹತ್ತಿರನೂ ಶುರು ಮಾಡಿದ್ಯಾ ಅಂತ. ಆಮೇಲೆ ರೇಗಿದಳು. ಅವನು ತಾತನನ್ನ ಸೀಳಿಹಾಕಿದ್ದು ನೀನು ನೋಡಲಿಲ್ವಾ ಅಂದಳು. ನನ್ನ ಜಡೆ ಅವನ ಕೈಲಿತ್ತು, ಅವನ ಕೈಗೆ ನೀರು ಹೊಯ್ದವಳು ನೀನೇ ಅಲ್ವಾ ಅಂದಳು. ಹೌದು, ಹೊಯ್ದವಳು ನಾನೇ ಅಂದಳು ಅವ್ವ, ಆ ಮಾತು ಬೇರೆ ಯಾರ ತಲೆಗೂ ಕಟ್ಟುವುದಿಲ್ಲ ಅಂದಳು. ಹಿಂದಿನಿಂದ ಮಂದೆಯ ಜನ ಅವಸರ ಮಾಡುತ್ತಿದ್ದರು, ಬೇಗ ತೊಳೆಯಿರಿ, ದಂಡು ಅಲ್ಲೇ ನಿಂತಿದೆ, ಹೊತ್ತು ಇಳಿಯುತ್ತಿದೆ ಅಂತ. ಕಲ್ಲಿನ ಮೇಲಿಂದ ಕೂಗಾಳು ಮತ್ತೆ ಕೂಗಿದ, ಮಂದೆ ದಂಡನ್ನು ಅಂತ.

ಮಗಳು ತನ್ನ ಕೈ ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಕೂದಲೊಂದು ಸಿಕ್ಕಿಕೊಂಡಿತ್ತು, ಅವಳದಲ್ಲ. ಅದನ್ನು ಬಿಡಿಸಲು ನೋಡಿದಳು, ಬರಲಿಲ್ಲ. ಬಿಡಿಸುತ್ತಾ ಬಿಡಿಸುತ್ತಾ ಅವಳ ಬಾಯಿ ಸೊಟ್ಟಗಾಯಿತು, ಚಿಕ್ಕಂದಿನಲ್ಲಿ ಅಳು ಬರುವ ಮುಂಚೆ ಆಗುತ್ತಿದ್ದ ಹಾಗೆ.

"ಅವನು ಬಿದ್ದ ಮೇಲೂ ಹೊಡೆದೆ," ಅಂದಳು. "ನೀನು ಸಾಕು ಅಂದದ್ದು ನಂಗೆ ಕೇಳಿಸ್ತು ಅವ್ವ. ಕೇಳಿಸಿದ ಮೇಲೂ ಹೊಡೆದೆ. ನಾನೇ."

ಬಾನಿಯವ್ವ ಚೊಂಬು ಬಗ್ಗಿಸಿದಳು. ನೀರು ಮಗಳ ಕೈ ಮೇಲೆ ಬಿದ್ದು, ಕೆಂಪಾಗಿ, ಮಗಳ ಪಾದದ ಮೇಲೇ ಹರಿಯಿತು. ಬೇರೆ ಯಾರ ಕಡೆಗೂ ಹೋಗಲಿಲ್ಲ. ಚೊಂಬು ಖಾಲಿಯಾಯಿತು, ಕೊಡವೂ ಖಾಲಿಯಾಯಿತು, ಕೈ ಇನ್ನೂ ಕೆಂಪಗೇ ಇತ್ತು. ಅವ್ವ ಕೊಡ ಎತ್ತಿಕೊಂಡು ಬಾವಿಗೆ ನಡೆದಳು.

ಹಿಂದೆ ಮಂದೆಯಲ್ಲಿ ಗುಜುಗುಜು ಆಯಿತು. ಯಾರೋ ಇಬ್ಬರು ಕೈ ಬೆನ್ನ ಹಿಂದೆ ಕಟ್ಟಿಕೊಂಡು ಸಂದಿಯಲ್ಲಿ ಜಾರಿಹೋದರು. ಕೂಗಾಳು ಕಲ್ಲಿನ ಮೇಲೆ ಬಾಯಿ ತೆರೆದುಕೊಂಡು ನಿಂತಿದ್ದ, ಓ ಅನ್ನುವವರು ಯಾರೂ ಸಿಗಲಿಲ್ಲ. ಹಗ್ಗ ಬಾವಿಗೆ ಇಳಿಯುವ ಮೊದಲೇ ಕಣ್ಣು ಕಾಣದ ಅಜ್ಜಿ, ಸರದಿಗೂ ಕಾಯದೆ, ಮುಂದಿದ್ದವರನ್ನೆಲ್ಲ ತಡವಿ ಸರಿಸಿಕೊಂಡು ಬಂದು, ಖಾಲಿ ಜಾಗಕ್ಕೆ ಎರಡೂ ಕೈ ಚಾಚಿದ್ದಳು.

"ಕೋಲು ಬೀಸಿದ್ದು ನಾನು ಕಣಮ್ಮ," ಅನ್ನುತ್ತಿದ್ದಳು, ಎದುರಿಗೆ ಯಾರೂ ಇಲ್ಲ ಅಂತ ತಿಳಿಯದೆ. "ಯಾರಿಗೆ ತಗುಲಿತೋ ಕಾಣಲಿಲ್ಲ. ಬೀಸಿದ್ದು ಮಾತ್ರ ನಾನೇ."